ಸಾಲಗಾರ ಅಂದ್ರೆ ಯಾರು?

1985ರ ದೀಪಾವಳಿ ಇರಬೇಕು. ಕುಮಟೆಯಿಂದ ಅಪ್ಪ ಮೊದಲ ಸಲ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಬೆಳಿಗ್ಗೆ ಬೆಳಿಗ್ಗೆ ಪಕ್ಕದ ಮನೆಯ ಕಾಕು ಚಕ್ಕುಲಿ, ಕರಂಜಿ ತುಂಬಿದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ನಗುನಗುತ್ತಾ, "ದಿವಾಳಿಚ್ಯಾ ಹಾರ್ದಿಕ್ ಶುಭೇಚ್ಛಾ!" ಅಂದರು.

ಅಪ್ಪನ ಮುಖ ಸಣ್ಣದಾಯಿತು.

ಅವನಿಗೆ ಮರಾಠಿ ಬರುತ್ತಿರಲಿಲ್ಲ ಅಂತಲ್ಲ. ಅರಿವೆ ಅಂಗಡಿ ಇಟ್ಟವ, ಮರಾಠಿ, ಕೊಂಕಣಿ ಎಲ್ಲ ಸಲೀಸು. ಅದು ಹಬ್ಬದ ಹೆಸರು ಅಂತ ಚೆನ್ನಾಗಿ ಗೊತ್ತಿತ್ತು. ಆದರೆ ನಮ್ಮ ಕಡೆ ಹಬ್ಬಕ್ಕೆ 'ದೀವಳಿಗೆ', ಇಲ್ಲಾ 'ದೊಡ್ಡ ಹಬ್ಬ'. 'ದಿವಾಳಿ' ಅಂದರೆ ಒಂದೇ ಅರ್ಥ. ಆ ಶಬ್ದವನ್ನು ಹನ್ನೊಂದು ವರ್ಷ ಬೆನ್ನ ಹಿಂದೆ ಕೇಳಿಸಿಕೊಂಡವನಿಗೆ, ಯಾರೋ ಎದುರಿಗೇ ನಿಂತು ನಗುತ್ತಾ ಹೇಳಿದರೆ ಹೇಗಾಗಬೇಡ? ಪಾಪ, ಆ ಕಾಕುವಿಗೆ ಏನು ಗೊತ್ತು. ಚಕ್ಕುಲಿ ಮಾತ್ರ ಬಹಳ ಚೆನ್ನಾಗಿತ್ತು. ಅಪ್ಪ ಒಂದೂ ಮುಟ್ಟಲಿಲ್ಲ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಳೆದ ಕೆಲವು ವರ್ಷಗಳಿಂದ ಆ ಶಬ್ದ ನನ್ನ ಮನೆಗೂ ಬಂದು ಕೂತಿದೆ. ಆದರೆ ಈ ಸಲ ನಾನು ದಿವಾಳಿ ಆದವನ ಮಗ ಅಲ್ಲ. ಬಾಗಿಲು ಬಡಿಯುವವರ ಸಾಲಿನಲ್ಲಿ ನಿಂತವ.

* * *

ಮೊದಲು ಅಪ್ಪನ ಕತೆ ಹೇಳಿಬಿಡುತ್ತೇನೆ. ದೊಡ್ಡದೇನಿಲ್ಲ. ಹುಬ್ಬಳ್ಳಿಯ ಹೋಲ್‌ಸೇಲ್ ಅಂಗಡಿಗಳಿಂದ ಉದ್ರಿ ಮೇಲೆ ಮಾಲು ತರುತ್ತಿದ್ದ, ಊರವರಿಗೆ ಉದ್ರಿ ಮೇಲೆ ಮಾರುತ್ತಿದ್ದ. ಮದುವೆ ಸೀಸನ್ನಿಗೆ ಕೊಂಡವರು ಸುಗ್ಗಿಗೆ ಕೊಡುತ್ತೇವೆ ಅನ್ನುತ್ತಿದ್ದರು, ಸುಗ್ಗಿಗೆ ಕೇಳಿದರೆ ಮುಂದಿನ ವರ್ಷ ಅನ್ನುತ್ತಿದ್ದರು. ಮಧ್ಯೆ ಇಬ್ಬರು ಅತ್ತೆಯಂದಿರ ಮದುವೆ. 1973ರ ಹೊತ್ತಿಗೆ ಬರಬೇಕಾದ್ದು ಪುಸ್ತಕದಲ್ಲಿ ಮಾತ್ರ ಇತ್ತು, ಕೊಡಬೇಕಾದ್ದು ಮನೆ ಬಾಗಿಲಲ್ಲಿತ್ತು.

ಹೊರಗೆ ಸೈಕಲ್ ಬೆಲ್ ಆದರೆ ಸಾಕು, ಅಪ್ಪ ಅಟ್ಟ ಹತ್ತುತ್ತಿದ್ದ. ನಾನು ಜಗುಲಿಗೆ ಬಂದು "ಅಪ್ಪ ಊರಲ್ಲಿಲ್ಲ" ಅನ್ನಬೇಕು. ಹದಿನೈದು ವರ್ಷದ ಹುಡುಗನ ಕೆಲಸ ಅದು. ಬಂದವರು ಅಂಗಳದಲ್ಲಿದ್ದ ಅಪ್ಪನ ಚಪ್ಪಲಿ ನೋಡುತ್ತಿದ್ದರು. ನನ್ನ ಮುಖ ನೋಡುತ್ತಿದ್ದರು. ಒಳಗಿನಿಂದ ಆಯಿ "ಯಾರು ಮಾಣಿ?" ಅಂತ ಕೇಳಿದರೆ, ನಾನು ಹೇಳುತ್ತಿದ್ದುದು: "ಸಾಲಗಾರರು."

1974ರಲ್ಲಿ ಯಾರೋ ವಕೀಲರ ಮಾತು ಕೇಳಿ ಅಪ್ಪ ಕಾರವಾರದ ಕೋರ್ಟಿಗೆ ಅರ್ಜಿ ಹಾಕಿದ. ಊರಲ್ಲಿ ಅದಕ್ಕೆ 'ಪಾಪರ್ ಚೀಟಿ ತಗೊಂಡ' ಅಂದರು. (ಇಂಗ್ಲಿಷಿನ ಪಾಪರ್ ನಮ್ಮೂರಿನವರ ಬಾಯಲ್ಲಿ 'ಪಾಪ'ದ ನೆಂಟನಾಗಿಬಿಟ್ಟಿತ್ತು.) ಹುಬ್ಬಳ್ಳಿಯವರಿಗೆ ರೂಪಾಯಿಗೆ ನಾಲ್ಕಾಣೆಯೂ ಸಿಗಲಿಲ್ಲ. ಅಂಗಡಿಯ ಮಾಲನ್ನು ರಿಸೀವರ್ ಬಂದು ಪಟ್ಟಿ ಮಾಡಿಕೊಂಡು ಹೋದ. ಮನೆಯ ಅಡಿಗೆ ಪಾತ್ರೆ, ಹಾಸಿಗೆ, ಆಯಿಯ ಮಂಗಳಸೂತ್ರ ಮಾತ್ರ ಮುಟ್ಟಲಿಲ್ಲ. ಅದು ಅವನ ದೊಡ್ಡತನ ಅಂತ ಆಯಿ ಸಾಯುವವರೆಗೂ ಹೇಳುತ್ತಿದ್ದಳು. ದೇವಸ್ಥಾನದ ತೇರಿಗೆ ಆಮೇಲೆ ಮೂರು ವರ್ಷ ಆಯಿ ಹೋಗಲಿಲ್ಲ. ನಾನು 1976ರಲ್ಲಿ ಹದಿನೆಂಟು ತುಂಬಿದ ಕೂಡಲೇ ಮುಂಬೈ ಬಸ್ಸು ಹತ್ತಿದೆ. ಮಾಟುಂಗದ ಹೊಟೇಲಿನಲ್ಲಿ ಕೆಲಸ, ರಾತ್ರಿ ಶಾಲೆ, ಆಮೇಲೆ ಒಂದು ಕಂಪನಿಯಲ್ಲಿ ಅಕೌಂಟ್ಸ್. ನಮ್ಮಲ್ಲಿ ಬಹಳ ಜನರದ್ದು ಇದೇ ದಾರಿ. ಊರು ಬಿಟ್ಟದ್ದು ಯಾಕೆ ಅಂತ ಕೇಳಿದರೆ 'ಹೊಟ್ಟೆಪಾಡು' ಅಂತ ಹೇಳುತ್ತಿದ್ದೆ. ಆ ಚಪ್ಪಲಿಯ ವಿಷಯ ಹೇಳುತ್ತಿರಲಿಲ್ಲ.

* * *

ಈಗ ನನ್ನ ಕತೆ.

2012ರಲ್ಲಿ, ನಿವೃತ್ತಿಗೆ ಆರು ವರ್ಷ ಇರುವಾಗ, ಕಲ್ಯಾಣದ ಆಚೆ ಒಂದು ಫ್ಲ್ಯಾಟ್ ಬುಕ್ ಮಾಡಿದೆ. ಸಿ ವಿಂಗ್, ಏಳನೇ ಮಹಡಿ, 720 ಚದರಡಿ. ಮೂವತ್ತು ವರ್ಷ ಒಂದೇ ಕೋಣೆ-ಅಡಿಗೆಮನೆಯಲ್ಲಿ ಬದುಕಿದವರಿಗೆ ಅದು ಅರಮನೆ. ಒಟ್ಟು 38 ಲಕ್ಷದಲ್ಲಿ 31 ಲಕ್ಷ ಕಟ್ಟಿಯೂ ಆಯಿತು. 2016ರಲ್ಲಿ ಕೆಲಸ ನಿಂತಿತು. ಬಿಲ್ಡರನ ಆಫೀಸಿನಲ್ಲಿ ಮೊದಲು ಚಹಾ ಕೊಡುತ್ತಿದ್ದರು, ಆಮೇಲೆ ನೀರು, ಆಮೇಲೆ ಬೀಗ. (ಹೆಸರು ಬರೆಯುವುದಿಲ್ಲ. ನಿಮ್ಮಲ್ಲಿ ಕೆಲವರಿಗೆ ಇಂಥದೇ ಒಬ್ಬ ಸಿಕ್ಕಿರುತ್ತಾನೆ, ಅದೇ ಹೆಸರು ಹಾಕಿಕೊಂಡು ಓದಿ.)

2019ರ ಜುಲೈಯಲ್ಲಿ ಪತ್ರಿಕೆಯಲ್ಲಿ ಒಂದು ಪ್ರಕಟಣೆ. ಒಂದು ಫೈನಾನ್ಸ್ ಕಂಪನಿ ಹಾಕಿದ ಅರ್ಜಿಯ ಮೇಲೆ ನಮ್ಮ ಬಿಲ್ಡರನ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿದೆ, ಹಣ ಬರಬೇಕಾದವರು ಹದಿನಾಲ್ಕು ದಿನದೊಳಗೆ ಕ್ಲೇಮ್ ಸಲ್ಲಿಸಬೇಕು ಅಂತ. ಮಗ ಫೋನ್ ಮಾಡಿ, "ಪಪ್ಪಾ, ಇನ್ಸಾಲ್ವೆನ್ಸಿ ಅಂತೆ, ಎಲ್ಲ ಮುಗೀತು" ಅಂದ. ನಾನೂ ಹಾಗೇ ಅಂದುಕೊಂಡೆ. ನನಗೆ ಗೊತ್ತಿದ್ದ ದಿವಾಳಿ ಅಂದರೆ ಎಲ್ಲ ಮುಗಿಯುವುದೇ.

ಅಕೌಂಟ್ಸಿನವನಲ್ಲವೇ, ಕೂತು ಕಾಯ್ದೆ ಓದಿದೆ. 2016ರ ಇನ್ಸಾಲ್ವೆನ್ಸಿ ಅಂಡ್ ಬ್ಯಾಂಕ್ರಪ್ಟ್ಸಿ ಕೋಡ್, ಎಲ್ಲರೂ ಐಬಿಸಿ ಅನ್ನುವುದು. ಅದಕ್ಕೂ ಮೊದಲು ಮುಳುಗುವ ಕಂಪನಿಗಳು ಬಿಐಎಫ್ಆರ್ ಅಂತ ಒಂದು ಕಡೆ ಹೋಗಿ ವರ್ಷಗಟ್ಟಲೆ ಮಲಗಿರುತ್ತಿದ್ದವು. ಐಬಿಸಿ ಬಂದಮೇಲೆ ಲೆಕ್ಕ ಬೇರೆ. ಕಂಪನಿ ಮಾಲೀಕನ ಕೈಯಿಂದ ಆಡಳಿತ ತಪ್ಪಿಸಿ ರೆಸಲ್ಯೂಷನ್ ಪ್ರೊಫೆಷನಲ್ ಅನ್ನುವವರಿಗೆ ಕೊಡುತ್ತಾರೆ. ಸಾಲ ಕೊಟ್ಟವರ ಸಮಿತಿ ಕೂಡುತ್ತದೆ. ಯಾರಾದರೂ ಬಂದು ಕಂಪನಿಯನ್ನು ತಗೊಳ್ಳುತ್ತೇನೆ ಅಂತ ಯೋಜನೆ ಕೊಟ್ಟರೆ, ಸಮಿತಿಯಲ್ಲಿ ನೂರಕ್ಕೆ 66ರಷ್ಟು ಮತ ಬಿದ್ದರೆ, ಎನ್‌ಸಿಎಲ್‌ಟಿ ಒಪ್ಪಿದರೆ, ಕಂಪನಿ ಬದುಕುತ್ತದೆ. ಇಲ್ಲದಿದ್ದರೆ ಮಾರಾಟ. ಮೊದಲು 180 ದಿನ, ಬೇಕಾದರೆ ಇನ್ನೂ 90. ಕೋರ್ಟು ಕಚೇರಿ ಎಲ್ಲ ಸೇರಿ 330 ದಿನದೊಳಗೆ ಮುಗಿಯಬೇಕು ಅಂತ 2019ರ ತಿದ್ದುಪಡಿ.

ನನ್ನಂಥ ಮನೆ ಕೊಂಡವರಿಗೆ ಶುರುವಿನಲ್ಲಿ ಈ ಸಮಿತಿಯಲ್ಲಿ ಕುರ್ಚಿಯೇ ಇರಲಿಲ್ಲ. 2017ರಲ್ಲಿ ದಿಲ್ಲಿ ಕಡೆಯ ಜೇಪೀ ಇನ್‌ಫ್ರಾಟೆಕ್ ಪ್ರಕರಣದಲ್ಲಿ ಸಾವಿರಾರು ಜನ ಗಲಾಟೆ ಮಾಡಿ, ಸುಪ್ರೀಂ ಕೋರ್ಟ್ ಹತ್ತಿದ ಮೇಲೆ, 2018ರ ಜೂನ್‌ನಲ್ಲಿ ಸುಗ್ರೀವಾಜ್ಞೆ ಬಂತು. ಫ್ಲ್ಯಾಟಿಗೆ ಕಟ್ಟಿದ ಮುಂಗಡವೂ ಸಾಲದ ಹಾಗೆಯೇ, ಆದ್ದರಿಂದ ಮನೆ ಕೊಂಡವರೂ ಬ್ಯಾಂಕಿನ ಹಾಗೆ ಫೈನಾನ್ಷಿಯಲ್ ಕ್ರೆಡಿಟರ್. ಬಿಲ್ಡರುಗಳು ಅದನ್ನು ಪ್ರಶ್ನಿಸಿದರು. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನೇ ಎತ್ತಿಹಿಡಿಯಿತು.

ಹೀಗೆ ನಾನು ಅರವತ್ತೊಂದನೇ ವಯಸ್ಸಿನಲ್ಲಿ ಫಾರ್ಮ್ 'ಸಿಎ' ತುಂಬಿ ಸಾಲಗಾರನಾದೆ. ಯಾವ ಅರ್ಥದಲ್ಲಿ? ನೋಡಿ, ಕನ್ನಡದ ಸಮಸ್ಯೆ ಇದೇ. ಸಾಲ ತಗೊಂಡವನೂ ಸಾಲಗಾರ, ಬಾಗಿಲಿಗೆ ಬಂದು ವಾಪಸ್ ಕೇಳುವವನೂ ಸಾಲಗಾರ. ಪುಸ್ತಕದ ಭಾಷೆಯಲ್ಲಿ 'ಸಾಲದಾತ', 'ಋಣಿ' ಅಂತೆಲ್ಲ ಇದೆ, ಆದರೆ ಜಗುಲಿಯಲ್ಲಿ ನಿಂತ ಹುಡುಗನಿಗೆ ಒಂದೇ ಶಬ್ದ.

* * *

ಲಾಕ್‌ಡೌನಿಗೆ ಮೊದಲು, 2020ರ ಜನವರಿಯಲ್ಲಿ, ಒಂದು ಸಲ ಕಫ್ ಪರೇಡಿನ ಎನ್‌ಸಿಎಲ್‌ಟಿಗೆ ಹೋಗಿದ್ದೆ. ಎಂಟಿಎನ್ಎಲ್ ಕಟ್ಟಡದಲ್ಲಿದೆ. ಕೋರ್ಟು ಅಂದರೆ ಕಾರವಾರದ ಹಾಗೆ ಕಟಕಟೆ, ಪಟ್ಟೇವಾಲ, ಮರದಡಿ ಟೈಪಿಸ್ಟು ಇರುತ್ತಾರೆ ಅಂದುಕೊಂಡಿದ್ದೆ. ಇಲ್ಲಿ ಲಿಫ್ಟಿಗೆ ಕ್ಯೂ, ಕಪ್ಪು ಕೋಟಿನ ಹುಡುಗ ಹುಡುಗಿಯರು, ಟ್ರಾಲಿ ಬ್ಯಾಗಿನಲ್ಲಿ ಫೈಲು. ನಮ್ಮ ಕೇಸು ಕೂಗಿ, ಮುಂದಿನ ತಾರೀಕು ಕೊಟ್ಟು, ಎರಡೇ ನಿಮಿಷದಲ್ಲಿ ಮುಗಿಯಿತು. ಬಿಲ್ಡರ್ ಬಂದಿರಲಿಲ್ಲ. ಅವನ ವಕೀಲರಿದ್ದರು. ಅವನ ಚಪ್ಪಲಿ ಯಾರಿಗೂ ಕಾಣಲಿಲ್ಲ.

ಆಮೇಲೆ ಎಲ್ಲ ಜೂಮ್ ಮೀಟಿಂಗ್. ನಮ್ಮ ವಾಟ್ಸಾಪ್ ಗುಂಪಿನಲ್ಲಿ 312 ಜನ. "ಅವನ ಬಂಗಲೆ ಹರಾಜು ಹಾಕಿಸಿ", "ಹೆಂಡತಿ ಒಡವೆ ಮಾರಿಸಿ", "ಮಕ್ಕಳ ಸ್ಕೂಲಿಗೆ ಹೋಗಿ ಕೂಗಾಡೋಣ"... ಒಬ್ಬರಿಗಿಂತ ಒಬ್ಬರು. ನಾನೂ ಒಂದು ರಾತ್ರಿ ಸಿಟ್ಟಿನಲ್ಲಿ 'ಇಂಥವರ ಮನೆಮಂದಿ ಬೀದಿಗೆ ಬರಬೇಕು' ಅಂತ ಹಿಂದಿಯಲ್ಲಿ ಟೈಪ್ ಮಾಡಿ ಕಳಿಸಿದೆ. ಹದಿನೆಂಟು ಜನ ಹೆಬ್ಬೆರಳು ಒತ್ತಿದರು. ಆಮೇಲೆ ನಿದ್ದೆ ಬರಲಿಲ್ಲ. ಬೀದಿಗೆ ಬಂದ ಮನೆಮಂದಿ ಹೇಗಿರುತ್ತಾರೆ ಅಂತ ಆ ಗುಂಪಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಆ ದಿನಗಳಲ್ಲೇ, ನಿದ್ದೆ ಬಾರದೆ, ಹಳೇ ಕಾಯ್ದೆಯನ್ನೂ ಹುಡುಕಿ ಓದಿದೆ. ಅಪ್ಪ ಅರ್ಜಿ ಹಾಕಿದ್ದು 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಆಕ್ಟ್ ಕೆಳಗೆ. ಐನೂರು ರೂಪಾಯಿ ಮೇಲ್ಪಟ್ಟು ಸಾಲ ಇದ್ದು, ತೀರಿಸಲಿಕ್ಕಾಗದಿದ್ದರೆ ಸಾಲಗಾರನೇ ಕೋರ್ಟಿಗೆ ಹೋಗಬಹುದು. ಅದರ ಆರನೇ ಸೆಕ್ಷನ್ನಿನಲ್ಲಿ 'ದಿವಾಳಿತನದ ಕೃತ್ಯ'ಗಳು ಯಾವುವು ಅಂತ ಪಟ್ಟಿ ಇದೆ. ಹಣ ಕೇಳಲು ಬಂದವರಿಗೆ ಸಿಗದ ಹಾಗೆ ಮನೆ ಬಿಟ್ಟು ಹೋಗುವುದು, ಅಥವಾ ಅವರಿಗೆ ಮಾತಾಡಲು ಅವಕಾಶ ಸಿಗದ ಹಾಗೆ ಅಡಗಿಕೊಂಡು ಕೂರುವುದು, ಎರಡೂ ಆ ಪಟ್ಟಿಯಲ್ಲಿವೆ. ಓದಿ ದಂಗಾದೆ. ನಮ್ಮ ಅಟ್ಟ ಕಾಯ್ದೆಯಲ್ಲಿತ್ತು! ಆಯಿಯ ಮಂಗಳಸೂತ್ರವೂ ಇತ್ತು. ಅಡಿಗೆ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಧರ್ಮದ ಪ್ರಕಾರ ಹೆಂಗಸರು ತೆಗೆಯಬಾರದ ಒಡವೆ, ಇವನ್ನು ಜಪ್ತಿ ಮಾಡಕೂಡದು ಅಂತ ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಸೆಕ್ಷನ್. ಅದು ರಿಸೀವರನ ದೊಡ್ಡತನ ಆಗಿರಲಿಲ್ಲ, ಕಾನೂನು ಆಗಿತ್ತು. ಇನ್ನೂ ಒಂದಿತ್ತು. ಕೊನೆಗೆ ಕೋರ್ಟು 'ಡಿಸ್ಚಾರ್ಜ್' ಅಂತ ಬಿಡುಗಡೆ ಕೊಡುತ್ತದೆ, ಅಲ್ಲಿಗೆ ಹಳೇ ಸಾಲಗಳಿಂದ ಮುಕ್ತಿ. ಅಪ್ಪನಿಗೆ 1977ರಲ್ಲಿ ಅದು ಸಿಕ್ಕಿತ್ತು.

ಅಂದರೆ ನಾವು ಊರೆಲ್ಲ ಮುಖ ಮುಚ್ಚಿಕೊಂಡು ತಿರುಗಿದ ಆ ಕಾಗದ, ಅಸಲಿಗೆ, 'ಸಾಕು, ಇನ್ನು ಮೇಲೆ ಬದುಕು' ಅಂತ ಬರೆದುಕೊಟ್ಟ ಕಾಗದ. ಯಾರೂ ನಮಗೆ ಓದಿ ಹೇಳಲಿಲ್ಲ.

ಅಪ್ಪ ಮಾತ್ರ ಬಿಡುಗಡೆ ಸಿಕ್ಕ ಮೇಲೂ ಒಂದು ನೋಟ್‌ಬುಕ್ ಇಟ್ಟಿದ್ದ. ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆದು, ಬಂದ ಸಂಬಳದಲ್ಲಿ ಐದು ಹತ್ತು ಅಂತ ಕೊಡುತ್ತಾ ಹೋದ. ಮೊದಲು ತೀರಿಸಿದ್ದು ಹಾಲಿನವಳದು. ಆಮೇಲೆ ಅಂಗಡಿಯಲ್ಲಿ ಇದ್ದ ಹುಡುಗನದು. ಹುಬ್ಬಳ್ಳಿಯವರು ಎಲ್ಲರಿಗಿಂತ ಕೊನೆಗೆ. 1991ರಲ್ಲಿ ಹೋದಾಗ ಮೂರು ಹೆಸರು ಉಳಿದಿದ್ದವು, ಮೂರೂ ಹುಬ್ಬಳ್ಳಿಯವು.

* * *

2021ರ ಫೆಬ್ರವರಿಯಲ್ಲಿ ನಮ್ಮ ಮುಂದೆ ಒಂದು ಯೋಜನೆ ಬಂತು. ಇನ್ನೊಬ್ಬ ಬಿಲ್ಡರ್ ಕಟ್ಟಡ ಮುಗಿಸಿಕೊಡುತ್ತಾನೆ. ನಾವು ಉಳಿದ ಹಣದ ಜೊತೆ ಚದರಡಿಗೆ 400 ರೂಪಾಯಿ ಹೆಚ್ಚು ಕೊಡಬೇಕು. ನನ್ನ ಲೆಕ್ಕದಲ್ಲಿ 2 ಲಕ್ಷ 88 ಸಾವಿರ. ಫೈನಾನ್ಸ್ ಕಂಪನಿಗೆ ಒಂದಷ್ಟು ಹೇರ್‌ಕಟ್. (ಬರಬೇಕಾದ್ದರಲ್ಲಿ ಬಿಟ್ಟುಕೊಡುವ ಪಾಲಿಗೆ ಹಾಗನ್ನುತ್ತಾರೆ. ಎಷ್ಟು ಬಿಡಬೇಕು ಅನ್ನುವುದಕ್ಕೆ ಮಿತಿಯೇನೂ ಇಲ್ಲ. ಅದೇ ವರ್ಷ ಜೂನ್‌ನಲ್ಲಿ ವಿಡಿಯೋಕಾನ್ ಆದೇಶದಲ್ಲಿ, ಮಾಲು ಒದಗಿಸಿದವರಿಗೆ ನೂರಕ್ಕೆ 99.28ರಷ್ಟು ಹೇರ್‌ಕಟ್ ಆಗುವುದನ್ನು ನೋಡಿ, ಇದು ಹೇರ್‌ಕಟ್ಟೋ ಬೋಳಿಸುವುದೋ ಎಂಬರ್ಥದ ಮಾತನ್ನು ಎನ್‌ಸಿಎಲ್‌ಟಿಯೇ ಬರೆಯಿತು. ಆದರೂ ಒಪ್ಪಿಗೆ ಕೊಟ್ಟಿತು. 2022ರ ಜನವರಿಯಲ್ಲಿ ಮೇಲಿನ ಮಂಡಳಿ ಅದನ್ನು ರದ್ದು ಮಾಡಿತು.)

ಓದುತ್ತಾ ಓದುತ್ತಾ ಯೋಜನೆಯ ಕೊನೆಯ ಪುಟಗಳಿಗೆ ಬಂದೆ. ಆಪರೇಷನಲ್ ಕ್ರೆಡಿಟರ್ಸ್. ಸಿಮೆಂಟಿನವರು, ಮರಳಿನವರು, ವಾಚ್‌ಮನ್ ಏಜೆನ್ಸಿ, ಸೆಂಟ್ರಿಂಗಿನವರು. ಎಲ್ಲರ ಮುಂದೆ 'ನಿಲ್'. ಆ ಸಾಲಿನಲ್ಲಿ ಒಂದು ಹೆಸರು ಪರಿಚಯದ್ದು.

2014ರಲ್ಲಿ ಸೈಟ್ ನೋಡಲು ಹೋದಾಗ, ಬಿಸಿಲಲ್ಲಿ ನಿಂತು ಹೆಂಡತಿಯ ಹತ್ತಿರ ಏನೋ ಹೇಳುತ್ತಿದ್ದೆ. ಹಿಂದಿನಿಂದ ಒಬ್ಬರು, "ಕನ್ನಡದವ್ರೇನ್ರಿ? ಬರ್ರಿ, ನೆಳ್ಳಾಗ ನಿಂದರ್ರಿ" ಅಂದರು. ಪ್ಲಾಸ್ಟರ್ ಕಾಂಟ್ರಾಕ್ಟರ್. ವಿಜಾಪುರ ಜಿಲ್ಲೆ ಇಂಡಿ ತಾಲೂಕಿನವರು. ಊರಿನ ಮೂವತ್ತು ನಲವತ್ತು ಹುಡುಗರನ್ನು ಕರಕೊಂಡು ಬಂದು ಕೆಲಸ ಮಾಡಿಸುತ್ತಿದ್ದರು. ಆಮೇಲೆ ಎಷ್ಟು ಸಲ ಹೋದರೂ ಚಹಾ ಕುಡಿಸದೆ ಕಳಿಸಿದ್ದಿಲ್ಲ. ಇಂಡಿಯ ನಿಂಬೆಹಣ್ಣು ಒಂದು ಸಲ ಚೀಲ ತುಂಬಿ ಕೊಟ್ಟಿದ್ದರು. ಆ ಇಂಡಿಯವರ ಹೆಸರಿನ ಮುಂದೆ, ಒಪ್ಪಿದ ಮೊತ್ತ 8,75,000 ರೂಪಾಯಿ. ಕೊಡುವ ಮೊತ್ತ, ನಿಲ್.

ಕಾಯ್ದೆ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ಕಂಪನಿಯನ್ನು ಮಾರಿದರೆ ಆ ವರ್ಗಕ್ಕೆ ಸರದಿ ಪ್ರಕಾರ ಎಷ್ಟು ಬರುತ್ತಿತ್ತೋ ಅದಕ್ಕಿಂತ ಕಡಿಮೆ ಕೊಡಬಾರದು ಅಂತ ಇದೆ. ಮಾರಿದರೆ ಸರದಿಯಲ್ಲಿ ಅವರ ತನಕ ಏನೂ ಉಳಿಯುತ್ತಿರಲಿಲ್ಲ, ಆದ್ದರಿಂದ ಸೊನ್ನೆ ಕೊಟ್ಟರೂ ಕಾನೂನು ಮುರಿದ ಹಾಗಲ್ಲ. ಕೂಲಿಕಾರರ ಬಾಕಿಗೆ ಆ ಸರದಿಯಲ್ಲಿ ಮೇಲಿನ ಜಾಗವಿದೆ, 24 ತಿಂಗಳಿನದು. ಆದರೆ ಇವರ ಹುಡುಗರು ಕಂಪನಿಯ ಮಸ್ಟರಿನಲ್ಲಿ ಇದ್ದವರಲ್ಲ, ನಮ್ಮ ಯೋಜನೆಯ ಆ ಕಲಮಿನಲ್ಲಿ ಅವರ ಲೆಕ್ಕ ಬಂದಿರಲಿಲ್ಲ. ಇಂಥವರಿಗೆ ಸಮಿತಿಯಲ್ಲಿ ಮತವೂ ಇಲ್ಲ. ಎಲ್ಲರ ಬಾಕಿ ಸೇರಿ ಒಟ್ಟು ಸಾಲದ ನೂರಕ್ಕೆ ಹತ್ತರಷ್ಟಾದರೆ ಅವರ ಪರವಾಗಿ ಒಬ್ಬ ಬಂದು ಕೂತು ಕೇಳಬಹುದು, ಅಷ್ಟೆ. ತಾವೇ ಕೇಸು ಹಾಕೋಣ ಅಂದರೆ, 2020ರ ಮಾರ್ಚ್ 24ರಿಂದ ಕನಿಷ್ಠ ಬಾಕಿ ಒಂದು ಕೋಟಿ ಇರಬೇಕು. ಅದಕ್ಕೂ ಮೊದಲು ಒಂದು ಲಕ್ಷ ಸಾಕಿತ್ತು.

ಮತ ಹಾಕಲು ಕೊನೆಯ ದಿನದವರೆಗೂ ಕಾದೆ. ಹೆಂಡತಿ ಹೇಳಿದಳು, "ನೀವು ಬೇಡ ಅಂದರೆ ಅವರಿಗೇನು ಹಣ ಬರ್ತದಾ? ನಮ್ಮ ಮನೆನೂ ಹೋಗ್ತದೆ." ಸರಿಯೇ. ನಮ್ಮ ವರ್ಗದಲ್ಲಿ ಮತ ಹಾಕಿದವರ ಅರ್ಧಕ್ಕಿಂತ ಹೆಚ್ಚು ಎತ್ತ ವಾಲುತ್ತದೋ ಎಲ್ಲರದೂ ಅತ್ತಲೇ ಅಂತ ಲೆಕ್ಕ. ನನ್ನ ಒಂದು ಮತದಿಂದ ಏನೂ ಬದಲಾಗುತ್ತಿರಲಿಲ್ಲ. ಹೌದು ಅಂತ ಒತ್ತಿದೆ. ಒತ್ತಿ, ಮೊಬೈಲ್ ಬೋರಲು ಹಾಕಿಟ್ಟೆ.

* * *

330 ದಿನ ಅಂದಿದ್ದು, ಎನ್‌ಸಿಎಲ್‌ಟಿ ಒಪ್ಪಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ. ದೊಡ್ಡ ದೊಡ್ಡವರದೇ ಇದಕ್ಕಿಂತ ತಡ. ಜೆಟ್ ಏರ್‌ವೇಸ್ ಪ್ರಕ್ರಿಯೆ 2019ರ ಜೂನ್‌ನಲ್ಲಿ ಶುರುವಾಗಿ, 2021ರಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕು, ಕೊನೆಗೆ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 'ಮಾರಿಬಿಡಿ' ಅಂದಿತು. ಸಂಬಳ ಬಾಕಿ ಇದ್ದ ನೌಕರರ ಗತಿ ಯೋಚಿಸಿ. ದೇಶದ ಒಟ್ಟು ಲೆಕ್ಕದಲ್ಲೂ, ಯೋಜನೆ ಒಪ್ಪಿಗೆಯಾದ ಪ್ರಕರಣಗಳಲ್ಲಿ ಕೂಡ ಸಾಲ ಕೊಟ್ಟವರಿಗೆ ವಾಪಸು ಬಂದದ್ದು ಸುಮಾರಾಗಿ ಮೂರರಲ್ಲೊಂದು ಪಾಲು. ಹಾಗಂತ ಕಾಯ್ದೆ ಕೆಟ್ಟದ್ದು ಅನ್ನುವವ ನಾನಲ್ಲ. ಅದಿಲ್ಲದಿದ್ದರೆ ನಮ್ಮ ಏಳನೇ ಮಹಡಿಯಲ್ಲಿ ಪಾರಿವಾಳ ಸಂಸಾರ ಮಾಡಿಕೊಂಡಿರುತ್ತಿದ್ದವು.

ಒಪ್ಪಿಗೆ ಬಂದ ದಿನ ಗುಂಪಿನಲ್ಲಿ ಪೇಢೆಯ ಚಿತ್ರಗಳು. ನಾನು ಇಂಡಿಯವರ ಹಳೇ ನಂಬರಿಗೆ ಫೋನ್ ಹಚ್ಚಿದೆ. ಹತ್ತಿತು. ಊರಿಗೆ ಹೋಗಿಬಿಟ್ಟಿದ್ದರು. ಹುಡುಗರ ಪಗಾರಕ್ಕೆ ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಲ್ಲಿ ಸಾಲ ತಂದಿದ್ದರಂತೆ. ಎರಡು ಎಕರೆ ಹೋಗಿ, ಇನ್ನೂ ಉಳಿದಿತ್ತು.

ನಾನೇ ಹೇಳಿದೆ, ಯೋಜನೆಗೆ ಹೌದು ಅಂತ ಒತ್ತಿದವರಲ್ಲಿ ನಾನೂ ಒಬ್ಬ ಅಂತ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದರಾಗ ನಿಮ್ದೇನ್ ತಪ್ಪೈತ್ರಿ ಸರ. ನಿಮಗ ಮನಿ ಬೇಕಿತ್ತು. ನಾ ಇದ್ರೂ ಹಂಗ ಒತ್ತತಿದ್ದೆ."

ನಾನು ಓದಿಕೊಂಡಿದ್ದನ್ನೆಲ್ಲ ಹೇಳಿದೆ. ಐಬಿಸಿಯಲ್ಲಿ ಸಾಮಾನ್ಯ ಮನುಷ್ಯರಿಗೂ ಒಂದು ಭಾಗ ಇದೆ, ತೀರಾ ಬಡವರಿಗೆ 'ಫ್ರೆಶ್ ಸ್ಟಾರ್ಟ್' ಅಂತಲೂ ಬರೆದಿದ್ದಾರೆ, ಆದರೆ ಅದನ್ನು ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, 2019ರ ಡಿಸೆಂಬರ್‌ನಿಂದ. ಉಳಿದವರಿಗೆ ಇನ್ನೂ ಆ 1920ರ ಕಾಯ್ದೆಯೇ ಗತಿ. ಜಿಲ್ಲಾ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ನಮ್ಮಪ್ಪ ಹಾಕಿದ್ದ. ನಾಚಿಕೆ ಪಡುವಂಥದ್ದೇನಿಲ್ಲ. ಅಪ್ಪನ ವಿಷಯವನ್ನು ಮನೆಯವರನ್ನು ಬಿಟ್ಟು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು.

"ಪಾಪರ್ ಅಂತ ಬರಸ್ಕೊಳ್ಳೂದ್ರಿ? ಬ್ಯಾಡ್ರಿ ಸರ. ಉಳದಿದ್ದು ನಮ್ಮ ಹುಡುಗರ ರೊಕ್ಕ ಐತಿ. ಕೋರ್ಟ್ ಮಾಫ್ ಮಾಡಬಹುದು. ದಿನಾ ಅವ್ರ ಮುಖ ನೋಡಾಂವ ನಾ ಅಲ್ರಿ?"

ಉತ್ತರ ಹೊಳೆಯಲಿಲ್ಲ. ಅಪ್ಪನ ನೋಟ್‌ಬುಕ್ ಕಣ್ಣ ಮುಂದೆ ಬಂತು.

ಮಾರನೇ ದಿನ ಮಗನ ಹತ್ತಿರ ಹೇಳಿ ಅವರ ಖಾತೆಗೆ ಇಪ್ಪತ್ತೈದು ಸಾವಿರ ಹಾಕಿಸಿದೆ. ಸಂಜೆಯೊಳಗೆ ವಾಪಸ್ ಬಂತು. ಜೊತೆಗೆ ಒಂದು ಮೆಸೇಜು: 'ಇದು ಬಿಲ್ಡರ್ ಕೊಡೂದು. ನೀವಲ್ಲ.' ಅದೇ ರಾತ್ರಿ ಅವರೇ ಫೋನ್ ಮಾಡಿದರು. ಬೇಜಾರಾಗಬೇಡಿ ಅಂತ ಹೇಳಲಿಕ್ಕೆ. ಮಾತಿನ ನಡುವೆ ಕೇಳಿದರು, "ನಿಮ್ಮ ಮನಿ ಯಾವ ವಿಂಗಿನ್ಯಾಗ್ರಿ?"

"ಸಿ. ಏಳನೇ ಮಹಡಿ."

"ಹಂಗಾರ ನಿಮ್ಮ ಗ್ವಾಡಿ ಗಿಲಾವ್ ನಮ್ಮ ಹುಡುಗರದೇ ರೀ. ಆರನೇ ಮಾಳಿಗಿ ಪೂರಾ ಮುಗಿಸಿದ್ವಿ. ಏಳನೇದು ಅರ್ಧ ಆಗಿತ್ತು, ಕೆಲಸ ನಿಂತ್ತು."

* * *

ಕೆಲಸ ಮತ್ತೆ ಶುರುವಾದ ಮೇಲೆ ಒಂದು ಭಾನುವಾರ ಹೆಲ್ಮೆಟ್ ಹಾಕಿಕೊಂಡು ಮೇಲೆ ಹತ್ತಿ ನೋಡಿ ಬಂದೆ. ಹಾಲ್‌ನ ಗೋಡೆಯಲ್ಲಿ ನೇರವಾಗಿ ಒಂದು ಗೆರೆ. ಒಂದು ಕಡೆ ಹಳೇ ಪ್ಲಾಸ್ಟರು, ಮಳೆ ಗಾಳಿಗೆ ಕಪ್ಪಾದದ್ದು. ಇನ್ನೊಂದು ಕಡೆ ಹೊಸದು. ಹೆಂಡತಿ, "ಪುಟ್ಟಿ ಹಾಕಿ ಬಣ್ಣ ಬಳಿದರೆ ಕಾಣೋದಿಲ್ಲ ಬಿಡಿ" ಅಂದಳು. ಕಾಣುವುದಿಲ್ಲ, ನಿಜ.

ಆ ಅರ್ಧ ಗೋಡೆಗೆ ನಾನು ಬಿಲ್ಡರನಿಗೆ ಹಣ ಕೊಟ್ಟಿದ್ದೇನೆ. ಬಿಲ್ಡರ್ ಅವರಿಗೆ ಕೊಟ್ಟಿಲ್ಲ. ಅವರು ತಮ್ಮ ಹೊಲ ಮಾರಿ ಹುಡುಗರಿಗೆ ಕೊಡುತ್ತಿದ್ದಾರೆ. ಈಗ ಹೇಳಿ, ಇದರಲ್ಲಿ ಸಾಲಗಾರ ಯಾರು? ಕಾಯ್ದೆಯ ಪ್ರಕಾರ ನಾನು ಅವರಿಗೆ ಒಂದು ಪೈಸೆಯೂ ಕೊಡಬೇಕಾಗಿಲ್ಲ. ಯೋಜನೆ ಒಪ್ಪಿಗೆಯಾದ ಮೇಲೆ, ಅದರಲ್ಲಿ ಸೇರದ ಹಳೇ ಬಾಕಿಯನ್ನು ಕಂಪನಿಯ ಹತ್ತಿರವೂ ಯಾರೂ ಕೇಳುವ ಹಾಗಿಲ್ಲ ಅಂತ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಹೊಸಬ ಬಂದವನಿಗೆ ಸ್ಲೇಟು ಶುಭ್ರವಾಗಿರಬೇಕಲ್ಲ. ಕಂಪನಿಗಾದರೆ ಒರೆಸಿಕೊಡಲು ನಾಲ್ಕು ವರ್ಷ ಎಲ್ಲರೂ ಸೇರಿ ದುಡಿದೆವು. ಮನುಷ್ಯನ ಸ್ಲೇಟು ಒರೆಸುವ ಬಟ್ಟೆ ಮಾತ್ರ 1920ರದ್ದು. ಅದನ್ನು ಕೈಗೆತ್ತಿಕೊಳ್ಳಲೂ ನಾಚಿಕೆ.

2025ರ ಆಗಸ್ಟ್‌ನಲ್ಲಿ ಐಬಿಸಿಗೆ ದೊಡ್ಡ ತಿದ್ದುಪಡಿ ಮಸೂದೆಯೊಂದು ಲೋಕಸಭೆಗೆ ಬಂದಾಗ ಕನ್ನಡಕ ಹಾಕಿಕೊಂಡು ಎಲ್ಲ ಸುದ್ದಿಯನ್ನೂ ಓದಿದೆ. ಬೇಗ ಮುಗಿಸುವುದು, ಗ್ರೂಪ್ ಕಂಪನಿಗಳು, ವಿದೇಶದ ಆಸ್ತಿ... ಇಂಡಿಯವರ ಬಾಗಿಲು ಯಾವಾಗ ತೆಗೆಯುತ್ತದೆ ಅಂತ ನಾನು ಓದಿದ ಕಡೆ ಯಾರೂ ಬರೆದಿರಲಿಲ್ಲ.

ಕೀಲಿಕೈ ಬಂದ ಮೇಲೆ ಗೃಹಪ್ರವೇಶಕ್ಕೆ ಅವರನ್ನು ಕರೆಯಬೇಕು ಅಂತ ಇದೆ. ಕರೆಯಲಿಕ್ಕೆ ಬಾಯಿ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಕಳೆದ ದೀಪಾವಳಿಗೆ ಫೋನ್ ಮಾಡಿದ್ದೆ. 'ದಿವಾಳಿ' ಅನ್ನುವ ಶಬ್ದ ಬಾಯಿ ತುದಿಯವರೆಗೆ ಬಂದಿತ್ತು, ಇಷ್ಟು ವರ್ಷ ಮುಂಬೈಯಲ್ಲಿದ್ದ ಅಭ್ಯಾಸ ನೋಡಿ. ತಡೆದು, "ಹಬ್ಬ ಹೆಂಗಾತ್ರಿ?" ಅಂದೆ.

"ಚಲೋ ಆತ್ರಿ" ಅಂದರು. "ಇಬ್ಬರದು ಮುಟ್ಟಿಸ್ದೆ ಈ ವರ್ಷ. ಇನ್ನ ಹದಿನಾಲ್ಕು ಮಂದಿ ಉಳದಾರ."